ಮೈಸೂರು ಪ್ರಜಾಪ್ರತಿನಿಧಿ ಸಭೆಯಿಂದ ಕರ್ನಾಟಕ ವಿಧಾನ ಮಂಡಲದವರೆಗೆ

ಕರ್ನಾಟಕದ ಶಾಸನ ಸಭೆಯ ಚರಿತ್ರೆಯನ್ನು ಹೇಳುವವರಲ್ಲಿ ಎರಡು ಬಗೆಯ ರೂಢಿಗಳಿವೆ. ಕೆಲವರು ಅದನ್ನು 1952ರ ಮಹಾಚುನಾವಣೆಯಿಂದ ಪ್ರಾರಂಭಿಸಿ, ಅದಕ್ಕೆ ಹಿಂದಿನದೆಲ್ಲ ಅರಸೊತ್ತಿಗೆಯ ಅಲಂಕಾರವೆಂದು ಬದಿಗಿಡುತ್ತಾರೆ. ಮತ್ತೆ ಕೆಲವರು 1881ರ ಪ್ರಜಾಪ್ರತಿನಿಧಿ ಸಭೆಯನ್ನೇ ಭಾರತದ ಪ್ರಜಾಪ್ರಭುತ್ವದ ಮೊದಲ ಪೀಠವೆಂದು ಕೊಂಡಾಡುತ್ತಾರೆ. ಈ ಎರಡೂ ಮಾತುಗಳು ಅರ್ಧ ಸತ್ಯಗಳು. ಸಭೆಯಲ್ಲಿ ಪ್ರಜೆ ಕುಳಿತಿರುವುದು ಒಂದು. ಅವನ ಮಾತಿಗೆ ಸರ್ಕಾರ ಬದ್ಧವಾಗಿರುವುದು ಮತ್ತೊಂದು. ಮೊದಲನೆಯದು ಮೈಸೂರಿನಲ್ಲಿ ಬಹುಬೇಗ ಒದಗಿತು. ಎರಡನೆಯದಕ್ಕೆ ಅರವತ್ತಾರು ವರ್ಷಗಳು ಬೇಕಾದವು. ಈ ನಡುವಣ ದಾರಿಯನ್ನೂ, ಆ ದಾರಿಯಲ್ಲಿ ಸಭೆಯೊಳಗೆ ಯಾರು ಯಾರು ಬಂದು ಕುಳಿತರು ಎಂಬುದನ್ನೂ ಗಮನಿಸದೆ ಈ ಸಂಸ್ಥೆಯ ಸ್ವರೂಪ ತಿಳಿಯಲಾರದು.

ರಂಗಾಚಾರ್ಲು ಅವರ ಪ್ರಯೋಗ

1831ರಿಂದ ಐವತ್ತು ವರ್ಷ ಬ್ರಿಟಿಷ್ ಕಮಿಷನರುಗಳ ಆಳ್ವಿಕೆಯಲ್ಲಿದ್ದ ಮೈಸೂರು ಸಂಸ್ಥಾನವು 1881ರ ಮಾರ್ಚ್ 25ರಂದು ಹತ್ತನೆಯ ಚಾಮರಾಜ ಒಡೆಯರಿಗೆ ಹಿಂತಿರುಗಿ ಬಂದಿತು. 1876-78ರ ಕ್ಷಾಮದಲ್ಲಿ ಲಕ್ಷಾಂತರ ಜನರನ್ನು ಕಳೆದುಕೊಂಡು ನಾಡು ಬಡವಾಗಿತ್ತು. ಬೊಕ್ಕಸದಲ್ಲಿ ಹಣವಿರಲಿಲ್ಲ. ಇಂತಹ ಕಾಲದಲ್ಲಿ ದಿವಾನರಾದ ಸಿ. ರಂಗಾಚಾರ್ಲು ಅವರು ಅದೇ ವರ್ಷದ ಆಗಸ್ಟ್ 25ರ ಆಜ್ಞೆಯ ಮೂಲಕ ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದರು. ಕಳೆದ ವರ್ಷದ ಆಡಳಿತದ ಫಲವನ್ನೂ ಮುಂದಿನ ವರ್ಷದ ಕಾರ್ಯಕ್ರಮವನ್ನೂ ಪ್ರಜೆಗಳ ಮುಂದಿಟ್ಟು, ಅವರ ಅಭಿಪ್ರಾಯವನ್ನು ಕೇಳಿ, ಸರ್ಕಾರದ ಉದ್ದೇಶಗಳ ಬಗೆಗಿನ ತಪ್ಪು ತಿಳಿವಳಿಕೆಯನ್ನು ನಿವಾರಿಸುವುದು ಸಭೆಯ ಗುರಿಯಾಗಿತ್ತು. ಪ್ರತಿ ತಾಲ್ಲೂಕಿನಿಂದ ಒಬ್ಬಿಬ್ಬರು ವ್ಯವಸಾಯಗಾರ ಭೂಹಿಡುವಳಿದಾರರು, ಜಿಲ್ಲೆಗೆ ಮೂರು ನಾಲ್ವರು ಪ್ರಮುಖ ವರ್ತಕರು — ಇವರು ಆಯ್ಕೆಯಾಗಿ ಬರಬೇಕೆಂದು ಏರ್ಪಾಡಾಯಿತು. ದಸರೆಯ ಸಂದರ್ಭದಲ್ಲಿ, ಅಕ್ಟೋಬರ್ 7ರಂದು, 144 ಮಂದಿ ಸದಸ್ಯರು ಮೈಸೂರಿನಲ್ಲಿ ಸೇರಿದರು.

ಅಂದಿನ ಭಾರತದ ಸ್ಥಿತಿಯಲ್ಲಿ ಇದು ಸಾಮಾನ್ಯ ಸಂಗತಿಯಲ್ಲ. ಬ್ರಿಟಿಷ್ ಪ್ರಾಂತಗಳ ಶಾಸನ ಸಭೆಗಳಲ್ಲಿ ಆಗ ನಾಮಕರಣಗೊಂಡವರೇ ಇದ್ದರು; ಪರೋಕ್ಷವಾದ ಆಯ್ಕೆಗೆ ಅವಕಾಶ ದೊರೆತದ್ದು 1892ರ ಕಾಯಿದೆಯಿಂದ. ದೇಶೀಯ ಸಂಸ್ಥಾನಗಳಲ್ಲಿಯಂತೂ ಇಂತಹ ಸಭೆಯ ಕಲ್ಪನೆಯೇ ಇರಲಿಲ್ಲ. ಆದರೆ ಸಭೆಗೆ ಕಾನೂನನ್ನು ಮಾಡುವ ಅಧಿಕಾರವಿರಲಿಲ್ಲ. ತೆರಿಗೆಯನ್ನು ತಡೆಯುವ ಶಕ್ತಿಯಿರಲಿಲ್ಲ. ಸದಸ್ಯರು ತಮ್ಮ ತಾಲ್ಲೂಕಿನ ಕೆರೆ, ಕಾಲುವೆ, ರಸ್ತೆ, ಕಂದಾಯ, ಕಾಡುಗಳ ವಿಚಾರವಾಗಿ ಒಂದೊಂದಾಗಿ ಬಿನ್ನವಿಸಿಕೊಳ್ಳುವರು. ದಿವಾನರು ಉತ್ತರ ಕೊಡುವರು. ಅದೊಂದು ಬಿನ್ನಹದ ಸಭೆ. ಹಾಗಿದ್ದರೂ ಅಧಿಕಾರಿಯೊಬ್ಬನ ತಪ್ಪು ರಾಜಧಾನಿಯಲ್ಲಿ, ದಿವಾನರ ಸಮಕ್ಷಮದಲ್ಲಿ, ಬಹಿರಂಗವಾಗಿ ಉಚ್ಚಾರವಾಗುವ ಸಂಭವವೇ ಆಡಳಿತದ ಮೇಲೆ ಒಂದು ಹಿಡಿತವಾಯಿತು. ಸದಸ್ಯರಲ್ಲಿ ಬಹುಮಂದಿ ಕನ್ನಡದಲ್ಲಿಯೇ ಮಾತನಾಡುವವರಾದುದರಿಂದ ರಾಜ್ಯಾಡಳಿತದ ಚರ್ಚೆಗೆ ಬೇಕಾದ ನುಡಿಗಟ್ಟು ಕನ್ನಡದಲ್ಲಿ ರೂಢಿಗೊಳ್ಳಲು ಈ ಸಭೆಯೂ ಒಂದು ಕಾರಣವಾಯಿತು.

ರಂಗಾಚಾರ್ಲು ಅವರು 1883ರ ಪ್ರಾರಂಭದಲ್ಲಿಯೇ ತೀರಿಕೊಂಡರು. ಅವರ ತರುವಾಯ ಹದಿನೆಂಟು ವರ್ಷ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1891ರಲ್ಲಿ, ಸದಸ್ಯರನ್ನು ಚುನಾಯಿಸುವ ಹಕ್ಕು ದೊರೆಯಿತು. ಆದರೆ ಮತದಾರನಾಗಲು ನಿಗದಿಯಾದ ಮೊತ್ತದ ಕಂದಾಯವನ್ನೋ ಮೊಹತರ್ಫ ತೆರಿಗೆಯನ್ನೋ ಕೊಡುವವನಾಗಿರಬೇಕು, ಇಲ್ಲವೆ ಇನಾಮು ಗ್ರಾಮಗಳ ಒಡೆಯನಾಗಿರಬೇಕು, ಅಥವಾ ಪದವೀಧರನಾಗಿರಬೇಕು. ಗೇಣಿದಾರನಿಗೆ, ಕೂಲಿಯವನಿಗೆ, ಹೆಂಗಸಿಗೆ ಅಲ್ಲಿ ಸ್ಥಳವಿರಲಿಲ್ಲ. ಪ್ರಜೆಗಳ ಪ್ರತಿನಿಧಿಯೆಂದರೆ ಆ ಕಾಲದ ಅರ್ಥದಲ್ಲಿ ಭೂಮಿಯ ಪ್ರತಿನಿಧಿ, ವ್ಯಾಪಾರದ ಪ್ರತಿನಿಧಿ.

ಸಭೆಯ ಮಿತಿಯನ್ನು ಬಾಲ್ಯವಿವಾಹದ ಪ್ರಶ್ನೆ ಸ್ಪಷ್ಟಪಡಿಸಿತು. ಎಂಟು ವರ್ಷ ತುಂಬದ ಹುಡುಗಿಯರ ವಿವಾಹವನ್ನೂ, ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗುವುದನ್ನೂ ನಿಷೇಧಿಸುವ ಸಲಹೆ ಸಭೆಯಲ್ಲಿ ತೀವ್ರವಾಗಿ ಚರ್ಚಿತವಾಯಿತು. ಧರ್ಮದಲ್ಲಿ ಸರ್ಕಾರ ಕೈಹಾಕಬಾರದೆಂಬ ವಾದ ಬಲವಾಗಿತ್ತು. ಸರ್ಕಾರ ಆ ಚರ್ಚೆಯನ್ನು ಕೇಳಿತು. ಆದರೆ 1894ರಲ್ಲಿ ಕಾಯಿದೆಯನ್ನು ತನ್ನ ಸ್ವಂತ ನಿರ್ಧಾರದಿಂದಲೇ ಜಾರಿಗೆ ತಂದಿತು. ಸುಧಾರಣೆ ಒಳ್ಳೆಯದೇ ಆಗಿತ್ತು. ಆದರೆ ಸಭೆಯ ಸಮ್ಮತಿಗೂ ಅಸಮ್ಮತಿಗೂ ಕಾನೂನಿನಲ್ಲಿ ಬೆಲೆಯಿರಲಿಲ್ಲವೆಂಬುದು ಆ ಒಳ್ಳೆಯ ಕಾರ್ಯದಿಂದಲೇ ವ್ಯಕ್ತವಾಯಿತು.

ನ್ಯಾಯವಿಧಾಯಕ ಸಭೆ

1907ರಲ್ಲಿ, ವಿ.ಪಿ. ಮಾಧವರಾವ್ ಅವರು ದಿವಾನರಾಗಿದ್ದಾಗ, ಕಾನೂನು ರಚನೆಗೆ ನೆರವಾಗಲೆಂದು ನ್ಯಾಯವಿಧಾಯಕ ಸಭೆ ಸ್ಥಾಪಿತವಾಯಿತು. ಇದು ದಿವಾನರ ಅಧ್ಯಕ್ಷತೆಯ ಚಿಕ್ಕ ಸಭೆ; ತಿಳಿದವರ ಸಲಹೆಯನ್ನು ಪಡೆಯುವುದು ಅದರ ಉದ್ದೇಶ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912-1918ರ ಅವಧಿಯಲ್ಲಿ ಅದರ ಕಾರ್ಯವ್ಯಾಪ್ತಿ ಹಿಗ್ಗಿ, ಪ್ರಶ್ನೆ ಕೇಳುವ ಮತ್ತು ಆಯವ್ಯಯವನ್ನು ಚರ್ಚಿಸುವ ಅವಕಾಶಗಳು ದೊರೆತವು. ಹೀಗೆ ಸಂಸ್ಥಾನದಲ್ಲಿ ಎರಡು ಸಭೆಗಳಾದವು: ಒಂದು ಜನಾಭಿಪ್ರಾಯವನ್ನು ಹೇಳುವ ದೊಡ್ಡ ಸಭೆ, ಮತ್ತೊಂದು ಕಾನೂನನ್ನು ತಿದ್ದುವ ಚಿಕ್ಕ ಸಭೆ.

ಇದೇ ಕಾಲದಲ್ಲಿ ಪ್ರಾತಿನಿಧ್ಯದ ಪ್ರಶ್ನೆ ಹೊಸ ರೂಪವನ್ನು ತಳೆಯಿತು. ಸರ್ಕಾರಿ ಉದ್ಯೋಗಗಳು ಒಂದೇ ಸಮುದಾಯದವರ ಕೈಯಲ್ಲಿ ಹೆಚ್ಚಾಗಿ ಸೇರಿವೆಯೆಂಬ ಅಸಮಾಧಾನ ವೀರಶೈವ, ಒಕ್ಕಲಿಗ, ಮುಸ್ಲಿಂ ಮೊದಲಾದ ಸಮುದಾಯಗಳ ಮುಖಂಡರನ್ನು ಒಂದುಗೂಡಿಸಿ, 1917ರಲ್ಲಿ ಪ್ರಜಾಮಿತ್ರ ಮಂಡಲಿಯ ಉದಯಕ್ಕೆ ಕಾರಣವಾಯಿತು. ಮರುವರ್ಷ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಗಿ, 1919ರಲ್ಲಿ ವರದಿಯನ್ನೊಪ್ಪಿಸಿತು. ಸಮಿತಿಯ ವಿಷಯ ಉದ್ಯೋಗಗಳಾಗಿದ್ದರೂ, ಅಧಿಕಾರದ ಸ್ಥಾನಗಳಲ್ಲಿ ಯಾರಿರಬೇಕೆಂಬ ಪ್ರಶ್ನೆ ಅಂದಿನಿಂದ ಸಭೆಗಳನ್ನು ಬಿಟ್ಟು ಹೋಗಲಿಲ್ಲ.

ಎರಡೂ ಸಭೆಗಳಿಗೆ ಗಟ್ಟಿಯಾದ ಶಾಸನದ ಅಡಿಪಾಯವನ್ನು ಹಾಕಿದ್ದು 1923ರ ಸುಧಾರಣೆ. ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ತತ್ತ್ವಜ್ಞಾನಿ ಬ್ರಜೇಂದ್ರನಾಥ ಸೀಲರ ಅಧ್ಯಕ್ಷತೆಯ ಸಮಿತಿ ಸುಧಾರಣೆಯ ರೂಪುರೇಷೆಯನ್ನು ಸಿದ್ಧಪಡಿಸಿತು. ಪಾಶ್ಚಾತ್ಯ ಮಾದರಿಯ ಮೇಲ್ಮನೆ ಕೆಳಮನೆಗಳನ್ನು ಸೀಲರು ಕುರುಡಾಗಿ ಅನುಸರಿಸಲಿಲ್ಲ. ಪ್ರಜಾಪ್ರತಿನಿಧಿ ಸಭೆ ನಾಡಿನ ಮನಸ್ಸನ್ನು ತಿಳಿಸುವ ವಿಶಾಲ ಸಭೆಯಾಗಿಯೂ, ನ್ಯಾಯವಿಧಾಯಕ ಸಭೆ ಕಾನೂನನ್ನು ರಚಿಸುವ ಮತ್ತು ವೆಚ್ಚಕ್ಕೆ ಮತ ಕೊಡುವ ಸಭೆಯಾಗಿಯೂ ಇರಬೇಕೆಂಬುದು ಅವರ ಯೋಜನೆ. ಅದರಂತೆ ಮೊದಲನೆಯದರಲ್ಲಿ 250ರಿಂದ 275, ಎರಡನೆಯದರಲ್ಲಿ 50 ಸ್ಥಾನಗಳಾದವು. ಹೊಸ ತೆರಿಗೆಗಳ ವಿಷಯದಲ್ಲಿ ಮತ್ತು ಮಸೂದೆಗಳ ಮೂಲತತ್ತ್ವಗಳ ವಿಷಯದಲ್ಲಿ ಪ್ರಜಾಪ್ರತಿನಿಧಿ ಸಭೆಯ ಅಭಿಪ್ರಾಯವನ್ನು ಕೇಳುವುದು ಸರ್ಕಾರದ ಕರ್ತವ್ಯವಾಯಿತು. ಮತದಾನಕ್ಕೆ ಬೇಕಾದ ಆಸ್ತಿಯ ಅರ್ಹತೆಯನ್ನು ಇಳಿಸಲಾಯಿತು. ಸ್ತ್ರೀಯೆಂಬ ಕಾರಣದಿಂದ ಮತದ ಹಕ್ಕನ್ನು ನಿರಾಕರಿಸುವ ನಿರ್ಬಂಧ ತೆಗೆಯಲ್ಪಟ್ಟಿತು. ಡಿ.ವಿ. ಗುಂಡಪ್ಪನವರಂತಹ ವಿಚಾರಶೀಲರು ನ್ಯಾಯವಿಧಾಯಕ ಸಭೆಯ ಸದಸ್ಯರಾಗಿದ್ದು ಈ ಕಾಲದಲ್ಲಿಯೇ.

ಇಷ್ಟಾದರೂ ದಿವಾನರು ಮಹಾರಾಜರಿಗೆ ಹೊಣೆಯಾಗಿದ್ದರೇ ಹೊರತು ಸಭೆಗಲ್ಲ. 1930ರ ದಶಕದಲ್ಲಿ ಕಾಂಗ್ರೆಸ್ಸು ಹಳ್ಳಿಗಳನ್ನು ಮುಟ್ಟಿತು. 1938ರ ಏಪ್ರಿಲ್ ತಿಂಗಳಲ್ಲಿ ಶಿವಪುರದ ಧ್ವಜ ಸತ್ಯಾಗ್ರಹ, ಅದರ ಬೆನ್ನಿಗೇ ವಿದುರಾಶ್ವತ್ಥದ ಗೋಲಿಬಾರು ನಡೆದವು. ಜವಾಬ್ದಾರಿ ಸರ್ಕಾರದ ಬೇಡಿಕೆಯನ್ನು ಸುಧಾರಣೆಗಳಿಂದ ತಣಿಸಬಹುದೆಂದು ಸರ್ ಮಿರ್ಜಾ ಇಸ್ಮಾಯಿಲ್ ಅವರ ಸರ್ಕಾರ ಭಾವಿಸಿತು. ಕೆ.ಆರ್. ಶ್ರೀನಿವಾಸ ಅಯ್ಯಂಗಾರ್ ಸಮಿತಿಯ ಶಿಫಾರಸುಗಳ ತರುವಾಯ ಬಂದ 1940ರ ಕಾಯಿದೆಯಿಂದ ಪ್ರಜಾಪ್ರತಿನಿಧಿ ಸಭೆ 310, ನ್ಯಾಯವಿಧಾಯಕ ಸಭೆ 68 ಸದಸ್ಯರಿಗೆ ಬೆಳೆದವು. ಸಂಖ್ಯೆ ಬೆಳೆಯಿತು, ಹೊಣೆಗಾರಿಕೆ ಬರಲಿಲ್ಲ. ಅದು ಬಂದದ್ದು ದೇಶದ ಸ್ವಾತಂತ್ರ್ಯದ ನಂತರ, 1947ರ ‘ಮೈಸೂರು ಚಲೋ’ ಚಳವಳಿಯ ಫಲವಾಗಿ, ಆ ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ಸ್ವೀಕರಿಸಿದಾಗ. ಹಳೆಯ ಎರಡೂ ಸಭೆಗಳು 1949ರ ಡಿಸೆಂಬರ್ 16ರಂದು ಕೊನೆಗೊಂಡವು. ಮೈಸೂರಿನ ಸಂವಿಧಾನ ರಚನಾ ಸಭೆಯೇ ಚುನಾವಣೆಯವರೆಗೆ ತಾತ್ಕಾಲಿಕ ಶಾಸನ ಸಭೆಯಾಗಿ ನಡೆಯಿತು.

ವಯಸ್ಕ ಮತದಾನದ ಸಭೆ

1952ರ ಜೂನ್ 18ರಂದು ಬೆಂಗಳೂರಿನ ಹಳೆಯ ಸಾರ್ವಜನಿಕ ಕಚೇರಿಯ ಕಟ್ಟಡದಲ್ಲಿ — ಇಂದು ಉಚ್ಚ ನ್ಯಾಯಾಲಯವಿರುವ ಅಠಾರಾ ಕಚೇರಿಯಲ್ಲಿ — ಹೊಸ ಮೈಸೂರು ವಿಧಾನ ಸಭೆ ಸೇರಿತು. ಅದರಲ್ಲಿ 99 ಚುನಾಯಿತ ಸದಸ್ಯರು, ಒಬ್ಬ ನಾಮಕರಣ ಸದಸ್ಯರು. ಕಾಂಗ್ರೆಸ್ಸು 74 ಸ್ಥಾನಗಳನ್ನು ಗಳಿಸಿ, ಕೆಂಗಲ್ ಹನುಮಂತಯ್ಯನವರು ಮುಖ್ಯಮಂತ್ರಿಗಳಾಗಿದ್ದರು. ಇಷ್ಟು ದೊಡ್ಡ ಬಹುಮತದ ಎದುರಿನಲ್ಲಿಯೂ ಸಭಾಧ್ಯಕ್ಷರ ಆಯ್ಕೆ ಅವಿರೋಧವಾಗಿ ನಡೆಯಲಿಲ್ಲ. ಎಚ್. ಸಿದ್ಧಯ್ಯನವರ ವಿರುದ್ಧ ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಸ್ಪರ್ಧಿಸಿದರು. ಸಿದ್ಧಯ್ಯನವರು ಗೆದ್ದರು. ಸೋಲು ಖಚಿತವಿದ್ದ ಆ ಸ್ಪರ್ಧೆಯಿಂದ, ವಿರೋಧ ಪಕ್ಷವೆಂಬುದು ಮೊದಲ ದಿನವೇ ಸಭೆಯ ಅಂಗವಾಯಿತು.

1891ರಲ್ಲಿ ಮತವಿಲ್ಲದವನಾಗಿದ್ದ ಗೇಣಿದಾರನೂ ಕೂಲಿಕಾರನೂ ಈಗ ಮತದಾರರಾಗಿದ್ದರು. ಅದರ ಪರಿಣಾಮ ಶಾಸನಗಳಲ್ಲಿ ಕಾಣಿಸದೆ ಇರಲಿಲ್ಲ. ವೈಯಕ್ತಿಕ ಇನಾಮುಗಳ ರದ್ದತಿಯ ಕಾಯಿದೆ 1954ರಲ್ಲಿಯೂ, ಧಾರ್ಮಿಕ ಮತ್ತು ಧರ್ಮಾದಾಯ ಇನಾಮುಗಳ ರದ್ದತಿಯ ಕಾಯಿದೆ 1955ರಲ್ಲಿಯೂ ಬಂದವು. ಒಂದು ಕಾಲದಲ್ಲಿ ಸಭೆಯನ್ನು ಆರಿಸುವ ಅರ್ಹತೆಯನ್ನೇ ನೀಡುತ್ತಿದ್ದ ಇನಾಮನ್ನು ಸಭೆಯೇ ತೊಡೆದುಹಾಕಿತು. ದೇವಸ್ಥಾನ ಮಠಗಳ ಇನಾಮು ಭೂಮಿಗಳೂ ಇದಕ್ಕೆ ಹೊರತಾಗಲಿಲ್ಲ.

ಏಕೀಕರಣ ಮತ್ತು ಸಭೆಯ ಹೊಸ ಸಮತೂಕ

ಶಾಸನ ಸಭೆಯ ರಚನೆಯಲ್ಲಿ ಅತಿ ದೊಡ್ಡ ಬದಲಾವಣೆಯನ್ನು ತಂದದ್ದು ಏಕೀಕರಣ. 1953ರಲ್ಲಿ ಆಂಧ್ರ ರಾಜ್ಯ ರಚಿತವಾದಾಗ ಮದರಾಸಿಗೆ ಸೇರಿದ್ದ ಬಳ್ಳಾರಿ ಜಿಲ್ಲೆಯ ಭಾಗ ಮೈಸೂರಿಗೆ ಬಂದು, ಸಭೆಗೆ ಐದು ಸ್ಥಾನಗಳು ಕೂಡಿದವು. 1956ರ ನವೆಂಬರ್ 1ರಂದು ಮುಂಬಯಿ ರಾಜ್ಯದಿಂದ ಬೆಳಗಾವಿ, ವಿಜಾಪುರ, ಧಾರವಾಡ, ಉತ್ತರ ಕನ್ನಡ. ಹೈದರಾಬಾದಿನಿಂದ ಕಲಬುರ್ಗಿ, ರಾಯಚೂರು, ಬೀದರ. ಮದರಾಸಿನಿಂದ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ. ಇವುಗಳೊಡನೆ ಕೊಡಗು ಸೇರಿ ಹೊಸ ರಾಜ್ಯವಾಯಿತು.

ಈ ಪ್ರದೇಶಗಳು ತಮ್ಮೊಡನೆ ಬೇರೆ ಬೇರೆ ಶಾಸನ ಸಭೆಗಳ ಅನುಭವವನ್ನು ತಂದವು. ಮುಂಬಯಿ, ಮದರಾಸು ಪ್ರಾಂತಗಳ ಕನ್ನಡಿಗರು 1919 ಮತ್ತು 1935ರ ಕಾಯಿದೆಗಳ ಕೆಳಗೆ, ಶಾಸನ ಸಭೆಗೆ ಉತ್ತರ ಹೇಳಬೇಕಾದ ಮಂತ್ರಿಗಳನ್ನು ಕಂಡಿದ್ದರು; ಆದರೆ ಆ ದೊಡ್ಡ ಸಭೆಗಳಲ್ಲಿ ಅವರು ಅಲ್ಪಸಂಖ್ಯಾತರು. ಮೈಸೂರಿನವರಿಗೆ ಸ್ವಂತ ಸಭೆ ಬಹುಕಾಲದಿಂದ ಇದ್ದಿತು, ಹೊಣೆಗಾರ ಮಂತ್ರಿಗಳಿರಲಿಲ್ಲ. ಚಿಕ್ಕ ಕೊಡಗಿಗೆ 1924ರಿಂದ ಇಪ್ಪತ್ತು ಸ್ಥಾನಗಳ ಶಾಸನ ಸಭೆಯೂ, 1952ರಿಂದ ಇಪ್ಪತ್ತನಾಲ್ಕು ಸ್ಥಾನಗಳ ವಿಧಾನ ಸಭೆಯೂ, ಸಿ.ಎಂ. ಪೂಣಚ್ಚನವರ ಮಂತ್ರಿಮಂಡಲವೂ ಇದ್ದುವು. ನಿಜಾಮನ ಆಳ್ವಿಕೆಯ ಜಿಲ್ಲೆಗಳಿಗೆ ವಯಸ್ಕ ಮತದಾನದ ಸಭೆಯ ಪರಿಚಯವಾದದ್ದು 1952ರಲ್ಲಿ ಮಾತ್ರ. ಈ ಭಿನ್ನ ಪರಂಪರೆಗಳೆಲ್ಲ 1956ರ ಡಿಸೆಂಬರ್ 19ರಂದು ಹೊಸದಾಗಿ ಎದ್ದು ನಿಂತ ವಿಧಾನ ಸೌಧದಲ್ಲಿ ಒಂದೇ ಸಭೆಯಾಗಿ ಸೇರಿದವು. ಎಸ್.ಆರ್. ಕಂಠಿಯವರು ಸಭಾಧ್ಯಕ್ಷರಾದರು.

ಏಕೀಕರಣಕ್ಕೆ ಹಳೆಯ ಮೈಸೂರಿನಲ್ಲಿ ವಿರೋಧವಿದ್ದಿತು ಎಂಬುದನ್ನು ಮರೆಯಬಾರದು. ಸುವ್ಯವಸ್ಥಿತವಾದ ಸಂಸ್ಥಾನದ ಸಂಪತ್ತು ಹಂಚಿಹೋಗುವುದೆಂಬ ಶಂಕೆ ಒಂದು. ರಾಜಕೀಯ ಪ್ರಾಬಲ್ಯ ಒಕ್ಕಲಿಗರು ಹೆಚ್ಚಾಗಿರುವ ದಕ್ಷಿಣದಿಂದ ವೀರಶೈವರು ಹೆಚ್ಚಾಗಿರುವ ಉತ್ತರಕ್ಕೆ ಸರಿಯುವುದೆಂಬ ಶಂಕೆ ಮತ್ತೊಂದು. ಹನುಮಂತಯ್ಯನವರು ಈ ಆಕ್ಷೇಪಗಳ ನಡುವೆಯೂ ಏಕೀಕರಣದ ಪಕ್ಷವನ್ನು ಹಿಡಿದರು. ಎರಡನೆಯ ಶಂಕೆ ಆಧಾರವಿಲ್ಲದ್ದೇನೂ ಆಗಿರಲಿಲ್ಲ. 1956ರಿಂದ 1971ರವರೆಗೆ ಮುಖ್ಯಮಂತ್ರಿಗಳಾದ ಎಸ್. ನಿಜಲಿಂಗಪ್ಪ, ಬಿ.ಡಿ. ಜತ್ತಿ, ಎಸ್.ಆರ್. ಕಂಠಿ, ವೀರೇಂದ್ರ ಪಾಟೀಲ ಇವರೆಲ್ಲರೂ ವೀರಶೈವ ಸಮಾಜದವರು. ಮಂತ್ರಿಮಂಡಲಗಳಲ್ಲಿ ಇತರರಿಗೂ ಸ್ಥಾನಗಳಿದ್ದರೂ, ಎರಡು ದೊಡ್ಡ ಸಮುದಾಯಗಳ ಹೊರಗಿದ್ದವರ ಧ್ವನಿ ಕ್ಷೀಣವಾಗಿತ್ತೆಂಬುದನ್ನು ಒಪ್ಪಬೇಕು.

1972ರ ಚುನಾವಣೆ ಈ ಸಮತೂಕವನ್ನು ಬದಲಿಸಿತು. ಡಿ. ದೇವರಾಜ ಅರಸರ ನಾಯಕತ್ವದಲ್ಲಿ ಹಿಂದುಳಿದ ವರ್ಗಗಳಿಂದ ಬಂದ ಹೊಸ ಸದಸ್ಯರು ಸಭೆಯಲ್ಲಿ ಕುಳಿತರು. ಎಲ್.ಜಿ. ಹಾವನೂರರ ಅಧ್ಯಕ್ಷತೆಯ ಹಿಂದುಳಿದ ವರ್ಗಗಳ ಆಯೋಗ 1975ರಲ್ಲಿ ವರದಿಯನ್ನು ಕೊಟ್ಟಿತು. ಇದೇ ಸಭೆಗೆ ಕೆ.ಎಸ್. ನಾಗರತ್ನಮ್ಮನವರು ಮೊದಲ ಮಹಿಳಾ ಸಭಾಧ್ಯಕ್ಷರಾದರು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು. ಜತ್ತಿಯವರ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನ ಮೇಲೆ ರೂಪುಗೊಂಡ 1961ರ ಭೂ ಸುಧಾರಣಾ ಕಾಯಿದೆಗೆ 1974ರಲ್ಲಿ ಬಂದ ತಿದ್ದುಪಡಿ ಗೇಣಿ ಪದ್ಧತಿಯನ್ನೇ ಕೊನೆಗಾಣಿಸಿ, ತಾಲ್ಲೂಕು ತಾಲ್ಲೂಕಿನಲ್ಲಿ ಭೂ ನ್ಯಾಯ ಮಂಡಳಿಗಳನ್ನು ಸ್ಥಾಪಿಸಿತು. ಭೂಹಿಡುವಳಿದಾರರ ಸಭೆಯಾಗಿ ಹುಟ್ಟಿದ ಸಂಸ್ಥೆ ತೊಂಬತ್ತಮೂರು ವರ್ಷಗಳ ತರುವಾಯ ಉಳುವವನಿಗೆ ಹೊಲವನ್ನು ಕೊಡುವ ಕಾನೂನನ್ನು ಮಾಡಿತು. ಸಭೆಯಲ್ಲಿ ಯಾರು ಕುಳಿತಿದ್ದಾರೆಂಬುದಕ್ಕೂ ಅಲ್ಲಿಂದ ಯಾವ ಕಾನೂನು ಹೊರಬರುತ್ತದೆಂಬುದಕ್ಕೂ ಇರುವ ಸಂಬಂಧಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಇಂದಿನ ರಚನೆ

ವಿಧಾನ ಸಭೆಯ ಸ್ಥಾನಗಳು 1957ರಲ್ಲಿ 208, 1967ರಲ್ಲಿ 216, 1978ರಿಂದ 224. ಆಂಗ್ಲೋ ಇಂಡಿಯನ್ ಸಮುದಾಯಕ್ಕೆ ಮೀಸಲಾಗಿದ್ದ ಒಂದು ನಾಮಕರಣ ಸ್ಥಾನ ಸಂವಿಧಾನದ 104ನೆಯ ತಿದ್ದುಪಡಿಯಿಂದ 2020ರಲ್ಲಿ ಕೊನೆಗೊಂಡಿತು. 2008ರ ಕ್ಷೇತ್ರ ಪುನರ್ವಿಂಗಡಣೆಯ ಪ್ರಕಾರ 36 ಸ್ಥಾನಗಳು ಪರಿಶಿಷ್ಟ ಜಾತಿಗಳಿಗೂ 15 ಸ್ಥಾನಗಳು ಪರಿಶಿಷ್ಟ ಪಂಗಡಗಳಿಗೂ ಮೀಸಲು. ಅದಕ್ಕೆ ಹಿಂದೆ ಪಂಗಡಗಳಿಗೆ ಇದ್ದುದು ಎರಡೇ ಸ್ಥಾನಗಳೆಂಬುದು ಗಮನಾರ್ಹ. ಮಹಿಳೆಯರಿಗೆ ಮೂರರಲ್ಲಿ ಒಂದು ಪಾಲನ್ನು ಮೀಸಲಿಡುವ 106ನೆಯ ತಿದ್ದುಪಡಿ 2023ರಲ್ಲಿ ಅಂಗೀಕೃತವಾಯಿತು.

ಮೇಲ್ಮನೆಯನ್ನು ಉಳಿಸಿಕೊಂಡಿರುವ ಕೆಲವೇ ರಾಜ್ಯಗಳಲ್ಲಿ ಕರ್ನಾಟಕ ಒಂದು. ವಿಧಾನ ಪರಿಷತ್ತಿನ 75 ಸದಸ್ಯರಲ್ಲಿ 25 ಮಂದಿಯನ್ನು ವಿಧಾನ ಸಭೆಯವರೂ, 25 ಮಂದಿಯನ್ನು ಸ್ಥಳೀಯ ಸಂಸ್ಥೆಗಳವರೂ, ಏಳು ಮಂದಿಯನ್ನು ಪದವೀಧರರೂ, ಏಳು ಮಂದಿಯನ್ನು ಶಿಕ್ಷಕರೂ ಆರಿಸುತ್ತಾರೆ. ಹನ್ನೊಂದು ಮಂದಿಯನ್ನು ರಾಜ್ಯಪಾಲರು ನಾಮಕರಣ ಮಾಡುತ್ತಾರೆ. ಪರಿಷತ್ತು ಸಾಮಾನ್ಯ ಮಸೂದೆಯನ್ನು ಮೊದಲ ಸಲ ಮೂರು ತಿಂಗಳು, ಎರಡನೆಯ ಸಲ ಒಂದು ತಿಂಗಳು ತಡೆಯಬಹುದು. ಹಣದ ಮಸೂದೆಯನ್ನು ಹದಿನಾಲ್ಕು ದಿನ ಮಾತ್ರ. ಇಂದಿನ ಪರಿಷತ್ತು 1907ರ ನ್ಯಾಯವಿಧಾಯಕ ಸಭೆಯ ನೇರ ವಾರಸುದಾರನಲ್ಲ. ಆ ಸಭೆಗೆ ಆಯವ್ಯಯದ ಮೇಲೆ ಮತವಿದ್ದಿತು. ಈ ಪರಿಷತ್ತಿಗೆ ಅದಿಲ್ಲ. ತಿಳಿದವರ ಸಲಹೆಯೆಂಬ ಮೂಲ ಆಶಯ ಮಾತ್ರ ಪದವೀಧರ, ಶಿಕ್ಷಕ, ನಾಮಕರಣ ಸ್ಥಾನಗಳಲ್ಲಿ ಉಳಿದಿದೆ. ಆ ಆಶಯ ಸಾರ್ಥಕವಾಗುವುದು ಅಲ್ಲಿಗೆ ಕಳುಹಿಸುವವರ ವಿವೇಕವನ್ನು ಅವಲಂಬಿಸಿದೆ.

ಸಭಾಂಗಣದ ನಿರ್ಣಯ

1983ರ ಚುನಾವಣೆಯಲ್ಲಿ ಯಾವ ಪಕ್ಷಕ್ಕೂ ಬಹುಮತ ಬರದೆ, ರಾಮಕೃಷ್ಣ ಹೆಗಡೆಯವರ ನೇತೃತ್ವದಲ್ಲಿ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂದಿತು. ಅಂದಿನಿಂದ ಬಹುಮತವನ್ನು ಎಣಿಸುವುದೇ ರಾಜಕೀಯದ ಮುಖ್ಯ ಪ್ರಶ್ನೆಯಾಯಿತು. 1989ರ ಏಪ್ರಿಲ್ 21ರಂದು ಎಸ್.ಆರ್. ಬೊಮ್ಮಾಯಿಯವರ ಸರ್ಕಾರವನ್ನು ವಜಾ ಮಾಡಲಾಯಿತು. ಸಭೆಯನ್ನು ಕರೆದು ಬಹುಮತವನ್ನು ತೋರಿಸಲು ಮುಖ್ಯಮಂತ್ರಿಗಳು ಸಿದ್ಧರಿದ್ದರೂ ಅವಕಾಶ ದೊರೆಯಲಿಲ್ಲ. ಈ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ತೀರ್ಪನ್ನಿತ್ತು, ಮಂತ್ರಿಮಂಡಲದ ಬಲಾಬಲದ ಪರೀಕ್ಷೆ ನಡೆಯಬೇಕಾದದ್ದು ಸಭಾಂಗಣದಲ್ಲಿ, ರಾಜ್ಯಪಾಲರ ಖಾಸಗಿ ಅಭಿಪ್ರಾಯದಲ್ಲಲ್ಲ ಎಂದು ಸ್ಪಷ್ಟಪಡಿಸಿತು. ಬೊಮ್ಮಾಯಿಯವರಿಗೆ ಅಧಿಕಾರ ಮರಳಲಿಲ್ಲ. ಆದರೆ ದೇಶದ ಎಲ್ಲ ವಿಧಾನ ಸಭೆಗಳಿಗೂ ಒಂದು ರಕ್ಷೆ ಕರ್ನಾಟಕದಿಂದ ದೊರೆತಂತಾಯಿತು. 2018ರ ಮೇ ತಿಂಗಳಲ್ಲಿ ಕರ್ನಾಟಕದಲ್ಲಿಯೇ ಸರ್ವೋಚ್ಚ ನ್ಯಾಯಾಲಯ ಕೂಡಲೇ ಬಹುಮತ ಪರೀಕ್ಷೆ ನಡೆಯಬೇಕೆಂದು ಆದೇಶಿಸಿದ್ದು ಈ ತತ್ತ್ವದ ಮೇಲೆಯೇ.

ಹೊರಗಿನ ಹಸ್ತಕ್ಷೇಪದಿಂದ ಸಭೆಯನ್ನು ನ್ಯಾಯಾಲಯ ಕಾಪಾಡಬಲ್ಲದು. ಒಳಗಿನ ಚಂಚಲತೆಯಿಂದ ಕಾಪಾಡುವುದು ಕಷ್ಟ. 1985ರ ಪಕ್ಷಾಂತರ ನಿಷೇಧದ ನಿಯಮಗಳು ಇದ್ದೂ, 2010ರಲ್ಲಿ ಹದಿನಾರು ಮಂದಿ, 2019ರಲ್ಲಿ ಹದಿನೇಳು ಮಂದಿ ಶಾಸಕರ ಅನರ್ಹತೆಯ ಪ್ರಕರಣಗಳು ನ್ಯಾಯಾಲಯದ ಮೆಟ್ಟಿಲನ್ನೇರಿದವು. ಮೊದಲನೆಯದರಲ್ಲಿ ಸಭಾಧ್ಯಕ್ಷರ ಆದೇಶ ರದ್ದಾಯಿತು. ಎರಡನೆಯದರಲ್ಲಿ ಅನರ್ಹತೆ ಎತ್ತಿಹಿಡಿಯಲ್ಪಟ್ಟರೂ ಮರುಚುನಾವಣೆಗೆ ನಿಲ್ಲುವ ಅವಕಾಶ ದೊರೆಯಿತು.

ಉತ್ತರದ ಜಿಲ್ಲೆಗಳ ಅಹವಾಲುಗಳಿಗೆ ಹತ್ತಿರವಾಗಬೇಕೆಂಬ ಉದ್ದೇಶದಿಂದ 2006ರಲ್ಲಿ ಬೆಳಗಾವಿಯಲ್ಲಿ ಅಧಿವೇಶನ ಸೇರಿತು. 2012ರ ಅಕ್ಟೋಬರ್ 11ರಂದು ಅಲ್ಲಿ ಸುವರ್ಣ ವಿಧಾನ ಸೌಧದ ಉದ್ಘಾಟನೆಯಾಯಿತು. ಈ ಏರ್ಪಾಡಿನ ಹಿಂದೆ ಇರುವುದು 1881ರ ಹಳೆಯ ವಿಚಾರವೇ: ದೂರದ ತಾಲ್ಲೂಕಿನ ಮಾತು ಆಳುವವರ ಕಿವಿಗೆ ನೇರವಾಗಿ ಬೀಳಬೇಕು. ಪ್ರಜಾಪ್ರತಿನಿಧಿ ಸಭೆಗೆ ಕೇಳಿಸುವ ಶಕ್ತಿಯಿತ್ತು, ಮಾಡಿಸುವ ಅಧಿಕಾರವಿರಲಿಲ್ಲ. ಇಂದಿನ ವಿಧಾನ ಮಂಡಲಕ್ಕೆ ಅಧಿಕಾರವೆಲ್ಲ ಇದೆ. ಆ ಅಧಿಕಾರವನ್ನು ಗಳಿಸಲು ಹೋರಾಡಿದ ಪೀಳಿಗೆಗೆ ಸಲ್ಲಬೇಕಾದ ಗೌರವವೆಂದರೆ, ಸಭೆ ನಿಯಮಿತವಾಗಿ ಸೇರುವುದು, ಮಸೂದೆಗಳನ್ನು ಓದಿ ಚರ್ಚಿಸುವುದು, ಕೆರೆ ಕಾಲುವೆಗಳ ಬಿನ್ನಹಕ್ಕೆ ಮಂತ್ರಿಗಳು ಎದ್ದು ನಿಂತು ಉತ್ತರ ಕೊಡುವುದು. ಇವುಗಳಲ್ಲಿ ಯಾವುದೊಂದು ಸಡಿಲವಾದರೂ, ಆಳುವವರ ದಯೆಯಿಂದ ನಡೆಯುತ್ತಿದ್ದ ಹಳೆಯ ಸಭೆಗೂ ಜನರ ಮತದಿಂದ ನಡೆಯುವ ಹೊಸ ಸಭೆಗೂ ಇರುವ ಅಂತರ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.